ತೋಡಿನ ಆರೋಗ್ಯವೂ ಶಾಲೆಯ ದಾಖಲೆಯೂ



ನಮ್ಮ ಕಾಸರಗೋಡಿನ ಅಡಿಕೆ ತೋಟಗಳ ನಡುವೆ ಹರಿಯುವ ತೋಡುಗಳಿಗೆ ಮಳೆಗಾಲ ಕಳೆದ ಮೇಲೆ ಕಟ್ಟ ಕಟ್ಟಿ ನೀರನ್ನು ಬೇಸಗೆಗೆ ಉಳಿಸಿಕೊಳ್ಳುವುದು ಹಿರಿಯರ ರೂಢಿ. "ಮೊದಲಿನಷ್ಟು ನೀರು ಈಗಿಲ್ಲ" ಎಂದು ಅವರು ಹೇಳುತ್ತಾರೆ. ಎಷ್ಟು ಕಡಿಮೆಯಾಯಿತು, ಎಂದಿನಿಂದ ಎಂದು ಕೇಳಿದರೆ ಉತ್ತರ ದೊರೆಯದು, ಯಾರೂ ಬರೆದಿಟ್ಟಿಲ್ಲ. ಬರೆದಿಡುವ ಆ ಕಾರ್ಯವನ್ನು ಶಾಲೆ ವಹಿಸಿಕೊಳ್ಳಬಹುದು.

ಅದಕ್ಕೆ ಬೇಕಾದ ಸಲಕರಣೆಗಳು ಸರಳವಾದವು. ಅಳತೆಪಟ್ಟಿ, ಗಡಿಯಾರ ಮತ್ತು ಸಿಪ್ಪೆ ಸುಲಿಯದ ಒಂದು ಕಿತ್ತಳೆ ಇದ್ದರೆ ಹರಿವನ್ನು ಅಳೆಯಬಹುದು. ತೋಡಿನ ಅಗಲ 2 ಮೀಟರ್, ಸರಾಸರಿ ಆಳ 0.25 ಮೀಟರ್ ಇರಲಿ; ಕಿತ್ತಳೆಯು 10 ಮೀಟರ್ ದೂರವನ್ನು 20 ಸೆಕೆಂಡಿನಲ್ಲಿ ತೇಲಿ ಹೋಗಲಿ. ಅಗಲ, ಆಳ, ವೇಗಗಳನ್ನು ಗುಣಿಸಿದರೆ ಸೆಕೆಂಡಿಗೆ 0.25 ಘನಮೀಟರ್. ತಳದ ನೀರು ಮೇಲಿನದಕ್ಕಿಂತ ನಿಧಾನವಾಗಿ ಹರಿಯುವುದರಿಂದ, ಕಲ್ಲುತಳದ ತೋಡಾದರೆ ಇದನ್ನು 0.8ರಿಂದ ಗುಣಿಸಬೇಕು. ಆಗ ಸುಮಾರು 200 ಲೀಟರ್ ಎಂದಾಗುತ್ತದೆ. ತಳದಲ್ಲಿ ಕಪ್ಪು-ಬಿಳುಪು ಗುರುತುಳ್ಳ ಪಾರದರ್ಶಕ ಕೊಳವೆಗೆ ನೀರು ಹೊಯ್ದು, ಗುರುತು ಮರೆಯಾಗುವ ಎತ್ತರವನ್ನು ನೋಡಿದರೆ ಕದಡಿನ ಪ್ರಮಾಣ ತಿಳಿಯುತ್ತದೆ.

ನೀರಿನ ಗುಣವನ್ನು ಹೇಳುವ ಇನ್ನೊಂದು ಸಾಧನ ಕಲ್ಲಿನ ಅಡಿಯಲ್ಲೇ ಇದೆ. ಮೇಫ್ಲೈ, ಸ್ಟೋನ್‌ಫ್ಲೈ ಕೀಟಗಳ ಮರಿಗಳು ಆಮ್ಲಜನಕ ಸಮೃದ್ಧವಾಗಿರುವ ಶುದ್ಧ ನೀರನ್ನು ಬಯಸುತ್ತವೆ. ಅವು ಕಾಣೆಯಾಗಿ, ಕೆಸರಿನಲ್ಲಿ ಕೆಂಪು ಹುಳುಗಳು ಮಾತ್ರ ಉಳಿದಿದ್ದರೆ ನೀರು ಕೆಟ್ಟಿರುವ ಸಂಶಯಕ್ಕೆ ಎಡೆಯುಂಟು. ನಮ್ಮ ರಕ್ತದಲ್ಲಿರುವಂತೆ ಆ ಹುಳುಗಳಲ್ಲಿಯೂ ಹಿಮೋಗ್ಲೋಬಿನ್ ಇರುವುದರಿಂದ ಅವು ಅಲ್ಪ ಆಮ್ಲಜನಕದಲ್ಲಿಯೂ ಬದುಕಬಲ್ಲವು. ಮಕ್ಕಳು ನೋಡಿದ ಜೀವಿಗಳನ್ನು ಎಣಿಸಿ, ಮರಳಿ ನೀರಿಗೇ ಬಿಡಲಿ.

ನನ್ನ ತಪ್ಪೊಂದನ್ನು ಇಲ್ಲಿ ಹೇಳಬೇಕು. ಒಂದು ವರ್ಷ ನಮ್ಮ ಮಕ್ಕಳು ಅನುಕೂಲ ಕಂಡ ಕಡೆಯಲ್ಲೆಲ್ಲ ಅಳೆದರು. ತಪ್ಪಿಹೋದ ವಾರಗಳಿಗೆ ನಾನೇ ಅಂದಾಜಿನ ಅಂಕಿ ತುಂಬಿಸಿದೆ. ಪುಸ್ತಕ ಚೆಂದವಾಗಿ ಕಂಡಿತು, ಆದರೆ ಯಾವ ಉಪಯೋಗಕ್ಕೂ ಬರಲಿಲ್ಲ. ಅಳತೆಯ ಜಾಗ ಒಂದೇ ಇರಲಿ, ಕ್ರಮ ಒಂದೇ ಇರಲಿ. ಅಳೆಯದ ದಿನ "ಅಳೆದಿಲ್ಲ" ಎಂದೇ ಬರೆಯಲಿ. ವಿಜ್ಞಾನದ ಮೊದಲ ಪಾಠವೇ ಇದು. ತುಂಬಿ ಹರಿಯುವಾಗ ಯಾರನ್ನೂ ನೀರಿಗೆ ಇಳಿಸಬಾರದು. ಸೇತುವೆಯ ಕಂಬದಲ್ಲಿ ಮೊದಲೇ ಬರೆದ ಮಟ್ಟದ ಗುರುತನ್ನು ದೂರದಿಂದ ಓದಿದರೆ ಸಾಕು.

ನೀರಿಗೆ ರಾಜ್ಯದ ಗಡಿಯಿಲ್ಲ. ಕೊಡಗಿನಲ್ಲಿ ಹುಟ್ಟುವ ಪಯಸ್ವಿನಿಯು ಸುಳ್ಯವನ್ನು ಹಾದು, ಚಂದ್ರಗಿರಿ ಎಂಬ ಹೆಸರು ಪಡೆದು ಕಾಸರಗೋಡಿನಲ್ಲಿ ಕಡಲು ಸೇರುತ್ತದೆ. ಮೇಲಿನ ಶಾಲೆಯೂ ಕೆಳಗಿನ ಶಾಲೆಯೂ ಒಂದೇ ಕ್ರಮದಲ್ಲಿ ಅಳೆದರೆ ಇಡೀ ಜಲಾನಯನ ಪ್ರದೇಶದ ಸ್ಥಿತಿ ಗೋಚರಿಸೀತು. ಕನ್ನಡದಲ್ಲಿ ಬರೆದ ಆ ಪುಸ್ತಕವನ್ನು ಗ್ರಾಮಸಭೆಯ ಮುಂದಿಡೋಣ. ಅದರ ಅಂಕಿಗಳು ಎಲ್ಲ ಭಾಷೆಯವರಿಗೂ ಅರ್ಥವಾಗುತ್ತವೆ. ನಮ್ಮ ಮಕ್ಕಳ ಮಾತಿಗೂ ಅಲ್ಲಿ ಬೆಲೆ ಬರುತ್ತದೆ.