ಕುದಿದ ಕಾರು, ಕಲಿತ ನಾವು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ವೇದಿಕೆಯಲ್ಲಿ ನಮ್ಮ ದಂಪತಿಗಳಿಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಾಹಿತ್ಯ, ಸಂಗೀತಗಳ ಬಗ್ಗೆ ಮಾತನಾಡಬಲ್ಲವರು ಈ ಸಭೆಯಲ್ಲಿ ಬಹಳ ಮಂದಿ ಇದ್ದಾರೆ. ಆದ್ದರಿಂದ ನಾವು ಒಂದು ರೇಡಿಯೇಟರಿನ ಕಥೆ ಹೇಳುತ್ತೇವೆ. ನಗಬೇಡಿ, ಕೊನೆಯವರೆಗೂ ಕೇಳಿ.

ನಮ್ಮ ಪಕ್ಕದ ಮನೆಯ ಹಿರಿಯರು ತೀರಿಕೊಂಡಾಗ ಅವರ ಕೆಂಪು ಕಾರು ಗ್ಯಾರೇಜಿನಲ್ಲಿ ಅನಾಥವಾಗಿ ನಿಂತಿತ್ತು. 1972ರ ಎಂಜಿಬಿ ರೋಡ್‌ಸ್ಟರ್. ಎರಡೇ ಸೀಟು, ಬಟ್ಟೆಯ ಮೇಲ್ಛಾವಣಿ. ಆಕ್ಸ್‌ಫರ್ಡ್ ಸಮೀಪದ ಅಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮೀರಿ ತಯಾರಾದ ಕಾರು ಅದು. ಅವರ ಪತ್ನಿ ಅದನ್ನು ನಮಗೆ ಕೊಡುವಾಗ ಕೇಳಿದ್ದು ಒಂದೇ ಮಾತು: "ಗುಜರಿಗೆ ಮಾತ್ರ ಹಾಕಬೇಡಿ." ನಾವು ಆಗಲೆಂದು ಮಾತು ಕೊಟ್ಟೆವು. ಮಾತು ಕೊಡುವುದು ಸುಲಭ ನೋಡಿ.

ಕಳೆದ ಬೇಸಿಗೆಯಲ್ಲಿ ಒಂದು ಭಾನುವಾರ ಹೊರಗೆ ಹೊರಟಿದ್ದಾಗ ಉಷ್ಣಮಾಪಕದ ಮುಳ್ಳು ಮೇಲೇರಿತು. ಬಾನೆಟ್ಟಿನಿಂದ ಹಬೆ ಎದ್ದಿತು. ರಸ್ತೆ ಬದಿಗೆ ನಿಲ್ಲಿಸಿದೆವು. ನಮ್ಮಲ್ಲಿ ಯಜಮಾನರೆನಿಸಿಕೊಂಡವರು ಕರ್ಚೀಫು ಸುತ್ತಿ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದರು. ಹಿಂದಿನಿಂದ ಯಜಮಾನತಿಯ ಕೂಗು: "ಕುಕ್ಕರ್ ಕೂಗ್ತಿರುವಾಗ ಮುಚ್ಚಳ ತೆಗೀತಾರೇನ್ರೀ?" ಆ ಒಂದು ಮಾತು ಅವರ ಮುಖ, ಕೈ ಎರಡನ್ನೂ ಉಳಿಸಿತು.

ಏಕೆಂದರೆ ತತ್ತ್ವ ಒಂದೇ. ಆ ಮುಚ್ಚಳ ಚದರ ಇಂಚಿಗೆ ಸುಮಾರು 10 ಪೌಂಡು ಒತ್ತಡವನ್ನು ಹಿಡಿದಿಡುತ್ತದೆ. ಆ ಒತ್ತಡದಲ್ಲಿ ನೀರು 100ರ ಬದಲು ಸುಮಾರು 115 ಡಿಗ್ರಿಗೆ ಕುದಿಯುತ್ತದೆ. ಮುಚ್ಚಳ ತೆರೆದರೆ ಒತ್ತಡ ಇಳಿದು, ಒಳಗಿನ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮನೆಗೆ ಕುಕ್ಕರ್ ಬಂದಂದಿನಿಂದ ನಮ್ಮ ಹೆಂಗಸರಿಗೆ ಗೊತ್ತಿರುವ ಭೌತಶಾಸ್ತ್ರವಿದು.

ಒಂದು ಗ್ಯಾರೇಜಿನವರು ಬೆಸುಗೆ ಹಾಕಿಕೊಟ್ಟರು. ಮೂರೇ ವಾರದಲ್ಲಿ ಮತ್ತೆ ಸೋರಿಕೆ. ಇಂಜಿನ್ ಬಿಸಿಮಾಡಿ ನಿಲ್ಲಿಸಿ ನೋಡಿದರೆ ರೇಡಿಯೇಟರಿನ ಮೇಲ್ಭಾಗ ಸುಡುತ್ತಿತ್ತು, ಕೆಳಗಿನ ಮೂಲೆ ತಣ್ಣಗಿತ್ತು. ಅಂದರೆ ಕೊಳವೆಗಳಲ್ಲಿ ಕೆಸರು ಕಟ್ಟಿ ನೀರು ಹರಿಯುತ್ತಿರಲಿಲ್ಲ. ಮಾರಿಬಿಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಆಗ ಸೆಪ್ಟೆಂಬರಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೊರಡಲಿದ್ದ ಮಗಳು ಇಂಗ್ಲಿಷಿನಲ್ಲಿ ಕೇಳಿದಳು: "ನಾವೇ ಯಾಕೆ ಬದಲಾಯಿಸಬಾರದು?"

ನಿಜ ಹೇಳುತ್ತೇವೆ. ಊರಿನಲ್ಲಿ ಸೈಕಲ್ ಪಂಕ್ಚರ್ ಆದರೂ ಅಂಗಡಿಗೆ ತಳ್ಳಿಕೊಂಡು ಹೋದವರು ನಾವು. ಓದಿದವರು ಕೈ ಮಸಿ ಮಾಡಿಕೊಳ್ಳಬಾರದು ಎಂದು ಬೆಳೆದವರು. ಮಗಳ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹೊಸ ರೇಡಿಯೇಟರು, ಹೋಸುಗಳು, ಥರ್ಮೋಸ್ಟಾಟು ತರಿಸಿದೆವು. ಈ ಕಾರಿಗೆ ಬಿಡಿಭಾಗಗಳ ಬರವಿಲ್ಲ; 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಿದ್ದಾರೆ.

ಮೊದಲ ಶನಿವಾರ ಪಾಠವೊಂದೇ ಆಯಿತು. ನಮ್ಮ ಸ್ಪ್ಯಾನರುಗಳೆಲ್ಲ ಮಿಲಿಮೀಟರಿನವು, ಕಾರಿನ ಬೋಲ್ಟುಗಳು ಇಂಚಿನವು. ಅರ್ಧ ಇಂಚೆಂದರೆ 12.7 ಮಿಲಿಮೀಟರ್. 13ರ ಸ್ಪ್ಯಾನರು ಕೂತಂತೆ ಕಾಣುತ್ತದೆ, ತಿರುಗಿಸಿದರೆ ಜಾರಿ ಬೋಲ್ಟಿನ ಮೂಲೆ ಸವೆಯುತ್ತದೆ. ಒಂದು ಬೋಲ್ಟು ಹೀಗೆ ಹಾಳಾದ ಮೇಲೆ ಸರಿಯಾದ ಸೆಟ್ ತಂದೆವು.

ಎರಡನೆಯ ಶನಿವಾರ ಕೆಲಸ ಸಾಗಿತು. ಇಂಜಿನ್ ಪೂರ್ತಿ ತಣ್ಣಗಿತ್ತು. ಸೀಟಿನ ಹಿಂದೆ ಅಡಗಿರುವ ಎರಡು ಆರು ವೋಲ್ಟಿನ ಬ್ಯಾಟರಿಗಳ ಸಂಪರ್ಕ ತೆಗೆದೆವು. ಕೆಳಗಿನ ಹೋಸು ಬಿಚ್ಚಿ ನೀರನ್ನು ಟಬ್ಬಿಗೆ ಇಳಿಸಿದೆವು. ಅದರಲ್ಲಿರುವ ಆಂಟಿಫ್ರೀಜ್ ಸಿಹಿಯಾಗಿರುತ್ತದೆ, ಆದರೆ ವಿಷ. ಬೆಕ್ಕು ನಾಯಿಗಳು ನೆಕ್ಕಿದರೆ ಪ್ರಾಣವೇ ಹೋಗಬಹುದು. ಪಕ್ಕದ ಮನೆಯ ಬೆಕ್ಕು ಬಂದು ಮೂಸುತ್ತಿದ್ದುದನ್ನು ಕಂಡು ಓಡಿಸಿ, ಟಬ್ಬಿಗೆ ಹಲಗೆ ಮುಚ್ಚಿದೆವು. ಆ ನೀರನ್ನು ಚರಂಡಿಗೆ ಚೆಲ್ಲದೆ, ಡಬ್ಬಿಗಳಲ್ಲಿ ತುಂಬಿ ಕೌನ್ಸಿಲಿನ ಕಸ ವಿಲೇವಾರಿ ಕೇಂದ್ರಕ್ಕೆ ಒಯ್ದೆವು.

ಅಂಟಿಕೊಂಡಿದ್ದ ಮೇಲಿನ ಹೋಸನ್ನು ಎಳೆದಾಡದೆ ಉದ್ದಕ್ಕೆ ಕೊಯ್ದು ಬಿಡಿಸಿದೆವು. ಎರಡೂ ಬದಿಯ ಬೋಲ್ಟು ತೆಗೆದು ರೇಡಿಯೇಟರನ್ನು ನೇರವಾಗಿ ಮೇಲೆತ್ತಿದೆವು. ಹೊಸದನ್ನು ಇಳಿಸುವಾಗ ಫ್ಯಾನಿನ ರೆಕ್ಕೆ ತಗುಲಿದರೆ ಆ ತೆಳು ಜಾಲರಿ ಮಡಚಿಹೋಗುತ್ತದೆ. ಅಡ್ಡ ಇಡಲು ಮಗಳು ಮಾವಿನಹಣ್ಣಿನ ರಟ್ಟಿನ ಪೆಟ್ಟಿಗೆ ಕತ್ತರಿಸಿ ತಂದಳು. ಅದಕ್ಕೆ ಮೊದಲು ತೋಟದ ಪೈಪಿನಿಂದ ಇಂಜಿನ್ನಿನೊಳಗೆ ನೀರು ಹಾಯಿಸಿದೆವು. ಕಾಫಿ ಡಿಕಾಕ್ಷನ್ನಿನ ಬಣ್ಣದ ತುಕ್ಕು ನೀರು ತಿಳಿಯಾಗಲು ಅರ್ಧ ಗಂಟೆ ಹಿಡಿಯಿತು. ಹಳೆಯ ಕೆಸರು ಒಳಗೇ ಉಳಿದರೆ ಹೊಸ ರೇಡಿಯೇಟರೂ ಕಟ್ಟಿಕೊಳ್ಳುತ್ತದೆ.

ಬಂಧುಗಳೆ, ಮುಖ್ಯ ವಿಷಯ ಇಲ್ಲಿದೆ. ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕಾರಿನ ಕೆಳಗೆ ಮಲಗಿದ್ದಾಗ, ಮೇಲಿನಿಂದ ನಾವು "ಹಿಡಿ, ಬಿಡು, ಸ್ವಲ್ಪ ಸಡಿಲಿಸು" ಎನ್ನುತ್ತಿದ್ದೆವು. ಕೈ ತುಂಬ ಕೆಲಸವಿದ್ದಾಗ ನಮಗೆ ಇಂಗ್ಲಿಷ್ ಬರುವುದಿಲ್ಲ. ಸಂಜೆಯ ಹೊತ್ತಿಗೆ ಕೆಳಗಿನಿಂದ ದನಿ ಬಂತು: "ಅಪ್ಪಾ, ಇನ್ನೂ ಬಿಗಿ ಮಾಡ್ಲಾ?" ಹತ್ತು ವರ್ಷ ಭಾನುವಾರದ ಕನ್ನಡ ತರಗತಿಗೆ ಕಳಿಸಿಯೂ ಕೇಳದಿದ್ದ ವಾಕ್ಯ. ನಾವು ಮುಖ ಮುಖ ನೋಡಿಕೊಂಡೆವು. ಏನೂ ಆಗದವರಂತೆ "ಹೂಂ, ಮಾಡು" ಎಂದೆವು.

ಮೂರನೆಯ ಶನಿವಾರ ಆಂಟಿಫ್ರೀಜ್ ಮತ್ತು ನೀರನ್ನು ಸಮಪಾಲು ಬೆರೆಸಿ, ಹೀಟರಿನ ಗುಂಡಿಯನ್ನು ಬಿಸಿಯ ಕಡೆಗೆ ತಿರುಗಿಸಿ, ಗಾಳಿ ಸಿಕ್ಕಿಕೊಳ್ಳದಂತೆ ನಿಧಾನವಾಗಿ ತುಂಬಿದೆವು. ಇಂಜಿನ್ ಶುರುವಾದೊಡನೆ ಕೆಳಗಿನ ಹೋಸಿನಿಂದ ತೊಟ್ಟಿಕ್ಕತೊಡಗಿತು. ಯಜಮಾನರು ಕ್ಲಿಪ್ಪನ್ನು ಶಕ್ತಿಯೆಲ್ಲ ಹಾಕಿ ಬಿಗಿದರು. ಸೋರಿಕೆ ಹೆಚ್ಚಾಯಿತು! ಮಗಳು ಇಂಜಿನ್ ನಿಲ್ಲಿಸಿ ನೋಡಿದಳು: ಕ್ಲಿಪ್ಪು ಓರೆಯಾಗಿ ಕೂತು ರಬ್ಬರನ್ನು ಕತ್ತರಿಸುತ್ತಿತ್ತು. ಸಡಿಲಿಸಿ, ನೆಟ್ಟಗೆ ಕೂರಿಸಿ, ಹದವಾಗಿ ಬಿಗಿದಳು. ಸೋರಿಕೆ ನಿಂತಿತು.

ಆ ಕ್ಲಿಪ್ಪಿನ ಹೆಸರೇನು ಗೊತ್ತೆ? ಜುಬಿಲಿ ಕ್ಲಿಪ್! ಬ್ರಿಟಿಷ್ ನೌಕಾದಳದಲ್ಲಿದ್ದ ಕಮಾಂಡರ್ ಲಮ್ಲಿ ರಾಬಿನ್‌ಸನ್ 1921ರಲ್ಲಿ ಅದನ್ನು ಕಂಡುಹಿಡಿದರು. ನಮ್ಮ ಜುಬಿಲಿಗೂ ಅದಕ್ಕೂ ಹೆಸರಿನ ನಂಟಷ್ಟೇ. ಆದರೂ ಮಕ್ಕಳಿಗೆ ಕನ್ನಡ ಕಲಿಸುವ ನಾವೆಲ್ಲ ಆ ಕ್ಲಿಪ್ಪನ್ನು ಒಮ್ಮೆ ನೆನೆಯಬಹುದು. ತೀರ ಬಿಗಿದರೂ ಸೋರುತ್ತದೆ, ಬಿಗಿಯದೆ ಬಿಟ್ಟರೂ ಸೋರುತ್ತದೆ.

ನಲವತ್ತು ವರ್ಷ ದಾಟಿದ ಕಾರುಗಳಿಗೆ ಈ ದೇಶದಲ್ಲಿ 2018ರಿಂದ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಹಾಗೆಂದೇ ನಾವೇ ಕಣ್ಣಿಟ್ಟಿರಬೇಕು. ನಾಲ್ಕು ದಿನ ಬೆಳಿಗ್ಗೆ ಎದ್ದು ನೀರಿನ ಮಟ್ಟ ನೋಡಿದೆವು; ಒಮ್ಮೆ ಮಾತ್ರ ಸ್ವಲ್ಪ ತುಂಬಬೇಕಾಯಿತು. ಐದನೆಯ ದಿನ ಪಕ್ಕದ ಮನೆಯ ಅಜ್ಜಿಯನ್ನು ಮುಂದೆ ಕೂರಿಸಿಕೊಂಡು ಮಗಳು ಊರು ಸುತ್ತಿಸಿ ತಂದಳು. ಇಳಿಯುವಾಗ ಆಕೆ ಏನೂ ಹೇಳಲಿಲ್ಲ. ಬಾನೆಟ್ಟಿನ ಮೇಲೆ ಒಂದು ಕ್ಷಣ ಕೈಯಿಟ್ಟು ನಿಂತರು.

ಮಗಳು ಈಗ ಹಾಸ್ಟೆಲಿನಲ್ಲಿದ್ದಾಳೆ. ಪ್ರತಿ ಭಾನುವಾರ ಫೋನಿನಲ್ಲಿ ಮೊದಲು ಕೇಳುವ ಪ್ರಶ್ನೆ, ಕನ್ನಡದಲ್ಲೇ: "ಅಮ್ಮಾ, ಕಾರು ಸೋರ್ತಿಲ್ಲ ತಾನೆ?"

ಇಲ್ಲ ಮಗಳೆ, ಸೋರುತ್ತಿಲ್ಲ.

 ಸಿರಿಗನ್ನಡಂ ಗೆಲ್ಗೆ.