ಹಿಮದ ನಾಡಿಗೆ ತಲುಪಿದ ವಿಷ



1966ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಚಿಕ್ಕ ವರದಿಯನ್ನು ಪ್ರಕಟಿಸಿದರು. ಅಂಟಾರ್ಕ್ಟಿಕದ ಅಡೇಲಿ ಪೆಂಗ್ವಿನ್‌ಗಳ ಮತ್ತು ಒಂದು ಸೀಲ್‌ನ ದೇಹದಲ್ಲಿ ಡಿಡಿಟಿಯ ಅಂಶ ಕಂಡುಬಂದಿದೆ ಎಂಬುದು ಅದರ ಸಾರ. ಅಂಟಾರ್ಕ್ಟಿಕದಲ್ಲಿ ಹೊಲವಿಲ್ಲ, ಬೆಳೆಯಿಲ್ಲ; ಡಿಡಿಟಿ ಸಿಂಪಡಿಸಿ ಕೊಲ್ಲಬೇಕಾದ ಸೊಳ್ಳೆಯೂ ಇಲ್ಲ. ಅದೇ ವರ್ಷ ಸ್ವೀಡನ್ನಿನ ರಸಾಯನ ವಿಜ್ಞಾನಿ ಸೋರೆನ್ ಯೆನ್ಸೆನ್ ಮತ್ತೊಂದು ಸಂಗತಿಯನ್ನು ಬಹಿರಂಗಪಡಿಸಿದರು. ಡಿಡಿಟಿಯನ್ನು ಅಳೆಯಲು ಹೊರಟ ಅವರ ಪರೀಕ್ಷೆಗಳಲ್ಲಿ ಗುರುತು ಸಿಗದ ರಾಸಾಯನಿಕಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದ್ದವು. ಅವು ಪಿಸಿಬಿಗಳೆಂದು ಅವರು ಪತ್ತೆಹಚ್ಚಿದರು. 1929ರಿಂದ ವಾಣಿಜ್ಯ ಪ್ರಮಾಣದಲ್ಲಿ ತಯಾರಾಗಿ ವಿದ್ಯುತ್ ಪರಿವರ್ತಕಗಳ ತೈಲದಲ್ಲಿ, ಬಣ್ಣಗಳಲ್ಲಿ ಬಳಕೆಯಾಗುತ್ತಿದ್ದ ಆ ವಸ್ತು ಮೀನಿನಲ್ಲಿಯೂ ಹದ್ದಿನಲ್ಲಿಯೂ ಸೇರಿಹೋಗಿತ್ತು.

ಯಾರೂ ಬಳಸದ ಕಡೆಗೆ ವಿಷ ಹೋದುದು ಹೇಗೆ? ಹೋದ ವಿಷ ಅಲ್ಲಿನ ಜೀವಿಗಳಿಗೆ ಮಾಡಿದ್ದೇನು? ಧ್ರುವ ಪ್ರದೇಶಗಳ ಮಾಲಿನ್ಯ ಸಂಶೋಧನೆಯೆಲ್ಲ ಈ ಎರಡು ಪ್ರಶ್ನೆಗಳಿಂದ ಬೆಳೆದುಬಂದಿದೆ. ಗಡಿನಾಡಿನ ಕನ್ನಡ ತರಗತಿಗಳಿಗೆ, ವಿಶೇಷವಾಗಿ ಕಾಸರಗೋಡಿನ ತರಗತಿಗಳಿಗೆ, ಈ ವಿಷಯ ಮೇಲ್ನೋಟಕ್ಕೆ ತೋರುವಷ್ಟು ದೂರದ್ದಲ್ಲ.

ಮೊದಲ ಪ್ರಶ್ನೆಗೆ ಉತ್ತರ ಅಡುಗೆಮನೆಯಲ್ಲಿಯೇ ಇದೆ. ಕುದಿಯುವ ಅನ್ನದ ಪಾತ್ರೆಯಿಂದ ಏಳುವ ಹಬೆ ತಣ್ಣನೆಯ ಮುಚ್ಚಳವನ್ನು ಮುಟ್ಟಿದೊಡನೆ ಹನಿಯಾಗುತ್ತದೆ. ಡಿಡಿಟಿ, ಪಿಸಿಬಿಗಳಂಥ ವಸ್ತುಗಳು ಬಿಸಿಲಿನ ನಾಡುಗಳ ಮಣ್ಣಿನಿಂದ ಅತಿ ನಿಧಾನವಾಗಿ ಆವಿಯಾಗುತ್ತವೆ, ಗಾಳಿಯೊಡನೆ ಸಾಗುತ್ತವೆ, ತಂಪು ತಾಗಿದಲ್ಲಿ ನೆಲಕ್ಕಿಳಿಯುತ್ತವೆ. ಮತ್ತೆ ಬೇಸಿಗೆ ಬಂದಾಗ ಎದ್ದು ಇನ್ನಷ್ಟು ದೂರ ಹೋಗುತ್ತವೆ. ಮಿಡತೆಯಂತೆ ಜಿಗಿಜಿಗಿದು ಸಾಗುವ ಈ ಪಯಣ ಕಡುಚಳಿಯ ನಾಡಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮತ್ತೆ ಮೇಲೇಳುವಷ್ಟು ಬಿಸಿ ಅವಕ್ಕೆ ಸಿಗುವುದಿಲ್ಲ. ಸಮುದ್ರದ ಪ್ರವಾಹಗಳೂ ಹೊರೆ ಹೊತ್ತು ತರುತ್ತವೆ. ಚಳಿಯಲ್ಲಿ, ಬೆಳಕು ಕಡಿಮೆಯಿರುವ ದೀರ್ಘ ಚಳಿಗಾಲದಲ್ಲಿ ಈ ವಸ್ತುಗಳು ಒಡೆಯುವುದೂ ನಿಧಾನ.

ಹಾಗಿದ್ದರೂ ಆರ್ಕ್ಟಿಕ್ ಸಮುದ್ರದ ನೀರಿನಲ್ಲಿ ಈ ವಿಷದ ಪ್ರಮಾಣ ಅತ್ಯಲ್ಪ. ಅಪಾಯ ಆರಂಭವಾಗುವುದು ಆಹಾರ ಸರಪಳಿಯಲ್ಲಿ. ಈ ರಾಸಾಯನಿಕಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಚಳಿನಾಡಿನ ಪ್ರಾಣಿಗೆ ಕೊಬ್ಬೇ ಹೊದಿಕೆ, ಕೊಬ್ಬೇ ಬುತ್ತಿ. ಸೂಕ್ಷ್ಮ ಸಸ್ಯಗಳನ್ನು ತಿನ್ನುವ ಸೀಗಡಿಯಂಥ ಜೀವಿಗಳು, ಅವನ್ನು ತಿನ್ನುವ ಮೀನು, ಮೀನನ್ನು ತಿನ್ನುವ ಸೀಲ್, ಸೀಲ್‌ನ ಕೊಬ್ಬನ್ನು ತಿನ್ನುವ ಹಿಮಕರಡಿ: ಒಂದೊಂದು ಮೆಟ್ಟಿಲಿನಲ್ಲಿಯೂ ವಿಷ ಸಾಂದ್ರವಾಗುತ್ತ ಹೋಗುತ್ತದೆ. ಇದನ್ನೇ ಜೈವಿಕ ವರ್ಧನೆ ಎನ್ನುತ್ತಾರೆ.

ಈ ಸರಪಳಿಯ ಕೊನೆಯ ಕೊಂಡಿ ಮರಿಯದು. ಗರ್ಭಿಣಿ ಹಿಮಕರಡಿ ಹಿಮದ ಗುಹೆಯಲ್ಲಿ ತಿಂಗಳುಗಟ್ಟಲೆ ಆಹಾರವಿಲ್ಲದೆ ಇರುತ್ತದೆ. ಆಗ ಕರಗುವುದು ಮೈಯಲ್ಲಿ ಕೂಡಿಟ್ಟ ಕೊಬ್ಬು. ಕೊಬ್ಬು ಕರಗಿದಂತೆ ಅದರೊಳಗಿನ ವಿಷ ರಕ್ತಕ್ಕೆ ಬರುತ್ತದೆ. ಅಲ್ಲಿಯೇ ಹುಟ್ಟುವ ಮರಿಯ ತೂಕ ಒಂದು ಕಿಲೋಗ್ರಾಂಗಿಂತಲೂ ಕಡಿಮೆ. ಅದು ಕುಡಿಯುವ ಹಾಲಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಕೊಬ್ಬು. ತಾಯಿ ತನ್ನ ಆಯುಷ್ಯದಲ್ಲಿ ಕೂಡಿಸಿಕೊಂಡ ವಿಷದ ಭಾಗವೊಂದು ಮರಿಗೆ ಅದರ ಮೊದಲ ಆಹಾರದಲ್ಲಿಯೇ ದೊರೆಯುತ್ತದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದದ್ದು. ಮೈಯಲ್ಲಿ ವಿಷವಿದೆ ಎನ್ನುವುದು ಒಂದು ಮಾತು. ವಿಷದಿಂದ ಹಾನಿಯಾಗಿದೆ ಎನ್ನುವುದು ಇನ್ನೊಂದು ಮಾತು. ಸ್ವತಂತ್ರವಾಗಿ ಅಲೆಯುವ ಕಾಡುಪ್ರಾಣಿಯ ವಿಷಯದಲ್ಲಿ ಎರಡನೆಯದನ್ನು ತೋರಿಸಿಕೊಡುವುದು ಸುಲಭವಲ್ಲ. ಹಸಿವು, ರೋಗ, ಕರಗುವ ಹಿಮ ಇವೆಲ್ಲವೂ ಏಕಕಾಲದಲ್ಲಿ ಕೆಲಸ ಮಾಡುತ್ತಿರುತ್ತವೆ. ಸಂಶೋಧಕರು ಈ ತೊಡಕನ್ನು ಬಿಡಿಸಿದ ಬಗೆಯೇ ಈ ಅಧ್ಯಯನದ ಅತ್ಯುತ್ತಮ ಪಾಠ.

ನಾರ್ವೆಗೆ ಸೇರಿದ ಬ್ಯೋರ್ನೋಯಾ ಎಂಬ ಪುಟ್ಟ ದ್ವೀಪದಲ್ಲಿ ಗ್ಲಾಕಸ್ ಗಲ್ ಎಂಬ ದೊಡ್ಡ ಕಡಲಹಕ್ಕಿಗಳು ಗೂಡು ಕಟ್ಟುತ್ತವೆ. ಸತ್ತುಬಿದ್ದ, ಸಾಯುತ್ತಿದ್ದ ಹಕ್ಕಿಗಳಲ್ಲಿ ಪಿಸಿಬಿ ಅಧಿಕ ಪ್ರಮಾಣದಲ್ಲಿ ಕಂಡುಬಂದಿತ್ತು. ವಿಜ್ಞಾನಿಗಳು ಸತ್ತ ಹಕ್ಕಿಗಳನ್ನು ಎಣಿಸುವುದರಲ್ಲಿಯೇ ನಿಲ್ಲದೆ ಬದುಕಿದ್ದವುಗಳ ನಡವಳಿಕೆಯನ್ನು ಗಮನಿಸಿದರು. ರಕ್ತದಲ್ಲಿ ಪಿಸಿಬಿ ಹೆಚ್ಚಿದ್ದ ಹಕ್ಕಿಗಳು ಕಾವು ಕೂರುವ ಕಾಲದಲ್ಲಿ ಗೂಡು ಬಿಟ್ಟು ಹೆಚ್ಚು ಹೊತ್ತು ದೂರವಿರುತ್ತಿದ್ದವು. ಹಾನಿಯೆಂದರೆ ಸಾವು ಮಾತ್ರವಲ್ಲ. ಕಾವು ತಪ್ಪಿದ ಮೊಟ್ಟೆಯೂ ಹಾನಿಯೇ.

ಹಿಮಕರಡಿಯ ಅಧ್ಯಯನಕ್ಕೆ ಇನ್ನೂ ಹೆಚ್ಚಿನ ತಾಳ್ಮೆ ಬೇಕಾಯಿತು. ಹೆಲಿಕಾಪ್ಟರಿನಿಂದ ಅರಿವಳಿಕೆಯ ಸೂಜಿ ಹಾರಿಸಿ ಕರಡಿಯನ್ನು ಮಲಗಿಸಿ, ರಕ್ತ ಮತ್ತು ಕೊಬ್ಬಿನ ಚಿಕ್ಕ ಮಾದರಿಯನ್ನು ತೆಗೆದು, ವಯಸ್ಸು ತಿಳಿಯಲು ಉಪಯೋಗವಿಲ್ಲದ ಒಂದು ಚಿಕ್ಕ ಹಲ್ಲನ್ನು ಕಿತ್ತು, ಗುರುತು ಹಾಕಿ ಬಿಡುತ್ತಾರೆ. ಸ್ವಾಲ್ಬಾರ್ಡ್ ದ್ವೀಪಗಳಲ್ಲಿಯೂ ಕೆನಡಾದಲ್ಲಿಯೂ ನಡೆದ ಒಂದು ಅಧ್ಯಯನದಲ್ಲಿ ಕರಡಿಗಳಿಗೆ ಲಸಿಕೆ ನೀಡಿ, ಕೆಲವು ವಾರಗಳ ಬಳಿಕ ಅವೇ ಕರಡಿಗಳನ್ನು ಮತ್ತೆ ಹಿಡಿದು ರಕ್ತವನ್ನು ಪರೀಕ್ಷಿಸಲಾಯಿತು. ಪಿಸಿಬಿ ಹೆಚ್ಚಾಗಿದ್ದ ಕರಡಿಗಳಲ್ಲಿ ಲಸಿಕೆಗೆ ಪ್ರತಿಯಾಗಿ ಹುಟ್ಟಬೇಕಾದ ಪ್ರತಿಕಾಯಗಳು ಕಡಿಮೆಯಾಗಿದ್ದವು. ರೋಗವನ್ನು ಎದುರಿಸುವ ಶಕ್ತಿ ಕುಂದಿತ್ತೆಂಬುದಕ್ಕೆ ಇದು ಸೂಚನೆ. ಥೈರಾಯ್ಡ್ ಹಾರ್ಮೋನು ಮತ್ತು ಎ ಜೀವಸತ್ವದ ಮಟ್ಟದಲ್ಲಿಯೂ ಏರುಪೇರು ಕಂಡಿತು. ದೇಹದಲ್ಲಿ ಪಿಸಿಬಿಯಿಂದ ಉಂಟಾಗುವ ಕೆಲವು ಅಣುಗಳು ರಚನೆಯಲ್ಲಿ ಥೈರಾಯ್ಡ್ ಹಾರ್ಮೋನನ್ನು ಹೋಲುತ್ತವೆ. ಆ ಹಾರ್ಮೋನನ್ನು ಸಾಗಿಸುವ ಪ್ರೋಟೀನಿನಲ್ಲಿ ಅದರ ಜಾಗವನ್ನು ಇವು ಆಕ್ರಮಿಸುತ್ತವೆ.

ಆದರೂ ಒಂದು ಸಂಶಯ ಉಳಿಯುತ್ತದೆ: ಕಾರಣ ಪಿಸಿಬಿಯೇ ಎಂದು ಹೇಗೆ ಹೇಳುವುದು? ಕರಡಿಯನ್ನು ಕೂಡಿಹಾಕಿ ವಿಷವುಣಿಸಿ ನೋಡಲಾಗದು. ಗ್ರೀನ್‌ಲ್ಯಾಂಡಿನಲ್ಲಿ ಸಂಶೋಧಕರು ಇದಕ್ಕೊಂದು ದಾರಿಯನ್ನು ಕಂಡುಕೊಂಡರು. ಜಾರುಬಂಡಿ ಎಳೆಯುವ ನಾಯಿಗಳಲ್ಲಿ ಒಂದು ಗುಂಪಿಗೆ ಮಲಿನವಾದ ತಿಮಿಂಗಿಲದ ಕೊಬ್ಬನ್ನು, ಇನ್ನೊಂದು ಗುಂಪಿಗೆ ಹಂದಿಯ ಕೊಬ್ಬನ್ನು ನೀಡಿ ಬೆಳೆಸಿದರು. ತಿಮಿಂಗಿಲದ ಕೊಬ್ಬು ಸ್ಥಳೀಯ ಜನರ ನಿತ್ಯದ ಆಹಾರವೂ ಹೌದು. ಆ ಕೊಬ್ಬನ್ನು ತಿಂದ ನಾಯಿಗಳ ಯಕೃತ್ತು, ಮೂತ್ರಪಿಂಡಗಳಲ್ಲಿ ಬದಲಾವಣೆಗಳು ಕಂಡವು. ಹಕ್ಕಿ, ಕರಡಿ, ನಾಯಿ ಈ ಮೂರರ ಸಾಕ್ಷ್ಯವನ್ನು ಒಟ್ಟಿಗೆ ಇಟ್ಟಾಗ ತೀರ್ಮಾನಕ್ಕೆ ಬಲ ಬಂದಿತು.

ಮನುಷ್ಯರೂ ಈ ಸರಪಳಿಯ ಹೊರಗಿಲ್ಲ. 1980ರ ದಶಕದಲ್ಲಿ ಕೆನಡಾದ ವೈದ್ಯ ಎರಿಕ್ ದೆವಾಯಿ ಕ್ವಿಬೆಕ್ ಪ್ರಾಂತ್ಯದ ತಾಯಂದಿರ ಎದೆಹಾಲನ್ನು ಪರೀಕ್ಷಿಸುತ್ತಿದ್ದರು. ಹೋಲಿಕೆಗೆ ಮಾಲಿನ್ಯವಿಲ್ಲದ ಮಾದರಿ ಬೇಕೆಂದು ಕಾರ್ಖಾನೆಗಳಿಲ್ಲದ ಉತ್ತರದ ಇನ್ಯುಯಿಟ್ ತಾಯಂದಿರ ಹಾಲನ್ನು ತರಿಸಿಕೊಂಡರು. ಅದರಲ್ಲಿ ಪಿಸಿಬಿ ದಕ್ಷಿಣದ ನಗರಗಳ ತಾಯಂದಿರಿಗಿಂತ ಹಲವು ಪಟ್ಟು ಹೆಚ್ಚಿತ್ತು. ಆ ತಾಯಂದಿರು ಪಿಸಿಬಿಯನ್ನು ತಯಾರಿಸಿದವರಲ್ಲ, ಅದರಿಂದ ಲಾಭ ಪಡೆದವರೂ ಅಲ್ಲ.

ಈ ಸಾಕ್ಷ್ಯಗಳೆಲ್ಲ ಕಾನೂನಿನ ಮಾತಾದುದು 2001ರಲ್ಲಿ. ಆ ವರ್ಷ ಅಂಗೀಕೃತವಾಗಿ 2004ರಲ್ಲಿ ಜಾರಿಗೆ ಬಂದ ಸ್ಟಾಕ್‌ಹೋಮ್ ಒಪ್ಪಂದದ ಪೀಠಿಕೆಯಲ್ಲಿಯೇ ಆರ್ಕ್ಟಿಕ್ ಪ್ರದೇಶದ ಜೀವಜಾಲಕ್ಕೂ ಮೂಲನಿವಾಸಿಗಳಿಗೂ ಇರುವ ಅಪಾಯದ ಉಲ್ಲೇಖವಿದೆ. ಮೊದಲ ಪಟ್ಟಿಯಲ್ಲಿದ್ದವು ಡಿಡಿಟಿ, ಪಿಸಿಬಿ ಮೊದಲಾದ ಹನ್ನೆರಡು ವಸ್ತುಗಳು. ಹೊಸ ವಸ್ತುವನ್ನು ಸೇರಿಸಬೇಕಾದರೆ ಅದು ಬಹುಕಾಲ ಉಳಿಯುತ್ತದೆ, ಜೀವಿಗಳಲ್ಲಿ ಕೂಡಿಕೊಳ್ಳುತ್ತದೆ, ದೂರಕ್ಕೆ ಸಾಗುತ್ತದೆ, ಹಾನಿ ಮಾಡುತ್ತದೆ ಎಂಬ ನಾಲ್ಕು ಸಂಗತಿಗಳಿಗೆ ಆಧಾರ ಬೇಕು.

ಕಾಸರಗೋಡಿನ ಕಥೆ ಈ ಕಥೆಯನ್ನು ಕೂಡುವುದು ಇಲ್ಲಿ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಅಲ್ಲಿನ ಗೇರು ತೋಟಗಳ ಮೇಲೆ, ಟೀ ಸೊಳ್ಳೆಯ ಬಾಧೆಯನ್ನು ತಡೆಯಲೆಂದು, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಂಥ ಊರುಗಳಲ್ಲಿ ಕನ್ನಡ ಪತ್ರಕರ್ತ ಶ್ರೀಪಡ್ರೆಯವರು ಮೊದಲು ಗಮನಿಸಿದ್ದು ಅಂಗವಿಕಲವಾಗಿ ಹುಟ್ಟಿದ ಕರುಗಳನ್ನು. ಪ್ರಾಣಿಗಳು ಕೊಟ್ಟ ಆ ಎಚ್ಚರಿಕೆಯನ್ನು ಅಧಿಕಾರಸ್ಥರು ಕೇಳಿಸಿಕೊಳ್ಳುವ ಮೊದಲೇ ಮಕ್ಕಳ ಸರದಿ ಬಂದಿತ್ತು.

ಅತ್ತ ಕೆನಡಾದ ಉತ್ತರ ತುದಿಯ ಅಲರ್ಟ್ ಎಂಬ ಕೇಂದ್ರದಲ್ಲಿ ಗಾಳಿಯ ಮಾದರಿಗಳನ್ನು ವರ್ಷವರ್ಷವೂ ಪರೀಕ್ಷಿಸಲಾಗುತ್ತಿತ್ತು. ಹಲವು ಹಳೆಯ ಕೀಟನಾಶಕಗಳು ಇಳಿಮುಖವಾಗುತ್ತಿದ್ದ ಕಾಲದಲ್ಲಿ ಎಂಡೋಸಲ್ಫಾನ್ ಹಾಗೆ ಇಳಿಯಲಿಲ್ಲ. ಅಲ್ಲಿಗೆ ಹೋದದ್ದು ಕಾಸರಗೋಡಿನದೇ ಎಂದು ಇದರ ಅರ್ಥವಲ್ಲ. ಅಂದು ಅದು ಅನೇಕ ದೇಶಗಳ ಹೊಲಗಳಲ್ಲಿ ಬಳಕೆಯಲ್ಲಿತ್ತು. ಆದರೆ ‘ದೂರಕ್ಕೆ ಸಾಗುತ್ತದೆ’ ಎಂಬುದಕ್ಕೆ ಆಧಾರವನ್ನು ಹಿಮದ ನಾಡು ಒದಗಿಸಿತು. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಎಂಡೋಸಲ್ಫಾನ್, ಕೆಲವು ತಾತ್ಕಾಲಿಕ ವಿನಾಯಿತಿಗಳೊಂದಿಗೆ, ಒಪ್ಪಂದದ ನಿಷೇಧ ಪಟ್ಟಿಗೆ ಸೇರಿತು. ಮೇ ತಿಂಗಳಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ದೇಶದಾದ್ಯಂತ ಅದರ ಉತ್ಪಾದನೆ, ಮಾರಾಟ, ಬಳಕೆಗಳಿಗೆ ತಡೆ ನೀಡಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆದೇಶಿಸಿತು.

ತರಗತಿಯಲ್ಲಿ ಈ ಪಾಠಕ್ಕೆ ದೊಡ್ಡ ಸಲಕರಣೆಗಳೇನೂ ಬೇಕಿಲ್ಲ. ಕೆಲವು ಹುಣಿಸೆ ಬೀಜಗಳು ಸಾಕು. ಹತ್ತು ಮಕ್ಕಳು ‘ಸೀಗಡಿ’ಗಳಾಗಿ ಒಂದೊಂದು ಬೀಜ ಹಿಡಿದಿರಲಿ, ಇಬ್ಬರು ‘ಮೀನು’ಗಳು ಐದೈದು ಸೀಗಡಿಗಳ ಬೀಜಗಳನ್ನು ಪಡೆಯಲಿ, ಒಂದು ‘ಸೀಲ್’ ಆ ಎರಡೂ ಮೀನುಗಳದನ್ನು ಪಡೆಯಲಿ. ಬೊಗಸೆಯಲ್ಲಿ ಕೂಡಿದ ಹತ್ತು ಬೀಜಗಳನ್ನು ಕಂಡ ಮಗುವಿಗೆ ಜೈವಿಕ ವರ್ಧನೆಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಇದೆ ಎನ್ನುವುದಕ್ಕೂ ಹಾನಿಯಾಗಿದೆ ಎನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಗಲ್ ಹಕ್ಕಿಯ ಗೂಡಿನಿಂದ ವಿವರಿಸಬಹುದು.

ಒಂದು ಎಚ್ಚರ ಮಾತ್ರ ಅಗತ್ಯ. ಕಾಸರಗೋಡಿನ ಕೆಲವು ತರಗತಿಗಳಲ್ಲಿ ಎಂಡೋಸಲ್ಫಾನ್ ಪಠ್ಯದ ಪದವಲ್ಲ. ಮನೆಯಲ್ಲಿ ಮಲಗಿರುವ ಅಣ್ಣನ ಅಥವಾ ತಂಗಿಯ ಸಂಗತಿ. ಅಂಥ ಮಗುವನ್ನು ಉದಾಹರಣೆಯಾಗಿ ಎಬ್ಬಿಸಿ ನಿಲ್ಲಿಸಬಾರದು. ಆ ಮಗು ತಾನಾಗಿ ಮಾತನಾಡಿದರೆ ಕೇಳಿಸಿಕೊಳ್ಳಬೇಕು. ಪಡ್ರೆಯ ಕರುವನ್ನು ಮೊದಲು ಕಂಡವರು ಪ್ರಯೋಗಾಲಯದವರಲ್ಲ, ಊರಿನವರು. ಕಂಡದ್ದನ್ನು ಸರಿಯಾಗಿ ನೋಡಿ, ತನ್ನ ಭಾಷೆಯಲ್ಲಿ ಸ್ಪಷ್ಟವಾಗಿ ಬರೆದಿಡುವ ಅಭ್ಯಾಸವನ್ನು ಮಗುವಿಗೆ ಕಲಿಸುವ ಕೆಲಸ ಅಧ್ಯಾಪಕರದು.