ತೆಳು ಲ್ಯಾಪ್‌ಟಾಪಿನ ಒಳಗುಟ್ಟು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನೀವೆಲ್ಲ ಬಲ್ಲಿರಿ. ಇದು ಹಣಕಾಸಿನ ವಿಷಯಕ್ಕೆ ಹೇಳಿದ ಮಾತೆಂದು ನಾವು ತಿಳಿದಿದ್ದೇವೆ. ಆದರೆ ಲ್ಯಾಪ್‌ಟಾಪ್ ಎಂಬ ಮಡಿಚುವ ಗಣಕವನ್ನು ರೂಪಿಸುವ ಎಂಜಿನಿಯರುಗಳಿಗೆ ಈ ಗಾದೆ ದಿನನಿತ್ಯದ ಪಾಠ. ಅವರಿಗೆ ದೊರೆತ ಹಾಸಿಗೆ ಎಂದರೆ ಸುಮಾರು ಒಂದೂವರೆ ಸೆಂಟಿಮೀಟರ್ ದಪ್ಪದ ಒಂದು ಪೆಟ್ಟಿಗೆ. ಪರದೆ, ಕೀಲಿಮಣೆ, ಬ್ಯಾಟರಿ, ಪ್ರೊಸೆಸರ್, ಫ್ಯಾನು ಎಲ್ಲವೂ ಅದರಲ್ಲೇ ಮಲಗಬೇಕು. ಒಂದು ಕಾಲು ಚಾಚಿದರೆ ಇನ್ನೊಂದು ಮುದುಡಿಕೊಳ್ಳಬೇಕು.

ಮಗಳೋ ಮಗನೋ ಕಾಲೇಜಿಗೆ ಸೇರಿದಾಗ ನೀವು ಅಂಗಡಿಗೆ ಹೋಗುತ್ತೀರಿ. ‘ನೋಡಿ ಸಾರ್, ಎಷ್ಟು ತೆಳು, ಎಷ್ಟು ಹಗುರ, ಎಷ್ಟು ವೇಗ’ ಎಂದು ಅಂಗಡಿಯವರು ಹೇಳುತ್ತಾರೆ. ಆ ಮೂರೂ ಮಾತು ನಿಜವಿರಬಹುದು. ಆದರೆ ಆ ಮೂರನ್ನು ಪಡೆಯಲು ಯಾವುದನ್ನು ಬಿಟ್ಟುಕೊಡಲಾಗಿದೆ ಎಂಬುದು ಜಾಹೀರಾತಿನಲ್ಲಿ ಇರುವುದಿಲ್ಲ. ಅನೇಕ ಸಂಸಾರಗಳಲ್ಲಿ ಇದು ಎರಡು ಮೂರು ತಿಂಗಳ ಸಂಪಾದನೆಯ ವ್ಯವಹಾರ. ಆದ್ದರಿಂದ ಈ ಒಳಗುಟ್ಟನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮೊದಲನೆಯದು ಶಾಖ. ಪ್ರೊಸೆಸರ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳುತ್ತದೆ. ಹಳೆಯ 40 ವ್ಯಾಟ್ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ಅದರ ಬಿಸಿ ಗೊತ್ತು. ಶಕ್ತಿಯುತ ಲ್ಯಾಪ್‌ಟಾಪಿನಲ್ಲಿ ಅಷ್ಟೇ ಶಾಖ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಅಂಚೆಚೀಟಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. ವೇಗ ಹೆಚ್ಚಿಸಬೇಕಾದರೆ ವೋಲ್ಟೇಜನ್ನೂ ಹೆಚ್ಚಿಸಬೇಕಾಗುತ್ತದೆ. ವೇಗವನ್ನೂ ವೋಲ್ಟೇಜನ್ನೂ ನೂರಕ್ಕೆ 10ರಷ್ಟು ಏರಿಸಿದರೆ ಶಾಖ ಸುಮಾರು ನೂರಕ್ಕೆ 33ರಷ್ಟು ಏರುತ್ತದೆ. ಅಂದರೆ ಕೊನೆಯ ಚೂರು ವೇಗಕ್ಕೆ ತೆರುವ ಬೆಲೆಯೇ ಅತಿ ದುಬಾರಿ.

ಈ ಶಾಖವನ್ನು ಹೊರಗೆ ಸಾಗಿಸಲು ತಾಮ್ರದ ಮುಚ್ಚಿದ ಕೊಳವೆಯೊಂದಿದೆ. ಅದರೊಳಗೆ ತುಸುವೇ ನೀರು. ಪ್ರೊಸೆಸರ್ ಕಡೆಯ ತುದಿಯಲ್ಲಿ ನೀರು ಆವಿಯಾಗುತ್ತದೆ. ಫ್ಯಾನಿನ ಕಡೆಯ ತುದಿಯಲ್ಲಿ ತಣಿದು ಮತ್ತೆ ನೀರಾಗಿ ಹಿಂದಿರುಗುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಒಳಗಡೆ ಕೂತಿರುವ ಹನಿಗಳನ್ನು ನೆನಪಿಸಿಕೊಳ್ಳಿ, ಅದೇ ತತ್ತ್ವ. ಪೆಟ್ಟಿಗೆ ತೆಳುವಾದಂತೆ ಈ ಕೊಳವೆಯನ್ನು ಚಪ್ಪಟೆ ಮಾಡಬೇಕು. ಆಗ ಆವಿ ಓಡಾಡುವ ದಾರಿ ಕಿರಿದಾಗಿ ಅದು ಸಾಗಿಸುವ ಶಾಖ ಕಡಿಮೆಯಾಗುತ್ತದೆ. ಫ್ಯಾನಿನ ಎಲೆಗಳೂ ತೆಳುವಾಗಿ, ಅಷ್ಟೇ ಗಾಳಿಗೆ ಹೆಚ್ಚು ಸುತ್ತಬೇಕು, ಹೆಚ್ಚು ಸದ್ದು ಮಾಡಬೇಕು. ಅದೂ ಸಾಲದಾದಾಗ ಯಂತ್ರ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ನೀವು ಹಣ ಕೊಟ್ಟ ವೇಗ ಕೆಲವು ನಿಮಿಷಗಳ ಅತಿಥಿಯಾಗುತ್ತದೆ.

ಇದಕ್ಕೆ ಜಗತ್ತೇ ಕಂಡ ಒಂದು ಉದಾಹರಣೆಯಿದೆ. 2008ರ ಜನವರಿಯಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಕಚೇರಿಯ ಕಾಗದದ ಲಕೋಟೆಯೊಂದರಿಂದ ಮ್ಯಾಕ್‌ಬುಕ್ ಏರ್ ಗಣಕವನ್ನು ಹೊರತೆಗೆದು ತೋರಿಸಿದರು. ಅದರ ಅತಿ ದಪ್ಪದ ಭಾಗ 1.94 ಸೆಂಟಿಮೀಟರ್. ಅಲ್ಲಿಂದಾಚೆಗೆ ತೆಳುವಾಗಿಸುವುದೇ ಒಂದು ಪಂದ್ಯವಾಯಿತು. ಆ ಕಂಪೆನಿಯ 15 ಇಂಚಿನ ಮ್ಯಾಕ್‌ಬುಕ್ ಪ್ರೊ 2012ರಲ್ಲಿ 1.8 ಸೆಂಟಿಮೀಟರ್ ಇತ್ತು, 2016ರಲ್ಲಿ 1.55ಕ್ಕೆ ಇಳಿಯಿತು. 2018ರಲ್ಲಿ ಇದೇ ತೆಳು ಪೆಟ್ಟಿಗೆಯೊಳಗೆ ಇಂಟೆಲ್ಲಿನ ಆರು ಕೋರುಗಳ ಪ್ರೊಸೆಸರ್ ಬಂತು. ದೀರ್ಘ ಕೆಲಸ ಕೊಟ್ಟಾಗ ಅದು ತನ್ನ ಮೂಲ ವೇಗಕ್ಕಿಂತಲೂ ಕೆಳಗೆ ಇಳಿಯುತ್ತದೆಂದು ಪರೀಕ್ಷಿಸಿದವರು ತೋರಿಸಿದರು. ಸಾಫ್ಟ್‌ವೇರಿನಲ್ಲಿ ದೋಷವಿತ್ತೆಂದು ಹೇಳಿ ಕಂಪೆನಿ ಅದೇ ತಿಂಗಳು ತಿದ್ದುಪಡಿ ಬಿಡುಗಡೆ ಮಾಡಿತು.

ಎರಡನೆಯದು ಕೀಲಿಮಣೆ. ತೆಳುತನಕ್ಕಾಗಿ 2015ರಲ್ಲಿ ಬಟರ್‌ಫ್ಲೈ ಎಂಬ ಹೊಸ ಬಗೆಯ ಕೀಲಿಗಳು ಬಂದವು. ಒತ್ತಿದರೆ ಅವು ಇಳಿಯುತ್ತಿದ್ದುದು ಸುಮಾರು ಅರ್ಧ ಮಿಲಿಮೀಟರ್ ಮಾತ್ರ. ಒಂದು ಧೂಳಿನ ಕಣ ಸಿಕ್ಕಿಕೊಂಡರೂ ಅಕ್ಷರ ಮೂಡದು, ಇಲ್ಲವೇ ಎರಡೆರಡು ಸಲ ಮೂಡುವುದು. ಕೀಲಿಮಣೆಯನ್ನೂ ಬ್ಯಾಟರಿಯನ್ನೂ ಮೇಲ್ಕವಚಕ್ಕೆ ಸೇರಿಸಿಬಿಟ್ಟಿದ್ದರಿಂದ ರಿಪೇರಿಯೆಂದರೆ ಅರ್ಧ ಗಣಕವನ್ನೇ ಬದಲಿಸಿದಂತೆ. 2018ರಲ್ಲಿ ಕಂಪೆನಿ ಉಚಿತ ದುರಸ್ತಿಯ ಯೋಜನೆ ಆರಂಭಿಸಿತು. 2019ರ ನವೆಂಬರಿನಲ್ಲಿ ಹಳೆಯ ಬಗೆಯ ಕೀಲಿಗಳಿಗೆ ಮರಳತೊಡಗಿತು. ಆಗ ಬಂದ 16 ಇಂಚಿನ ಗಣಕದ ದಪ್ಪ 1.62 ಸೆಂಟಿಮೀಟರ್, 2021ರದು 1.68. ತೆಗೆದುಹಾಕಿದ್ದ ಎಚ್‌ಡಿಎಂಐ ಕಿಂಡಿಯೂ ಮೆಮೊರಿ ಕಾರ್ಡಿನ ಕಿಂಡಿಯೂ 2021ರಲ್ಲಿ ಮರಳಿ ಬಂದವು. ಒಂದು ಮಿಲಿಮೀಟರಿಗಾಗಿ ಏನೇನು ಕಳೆದುಕೊಳ್ಳಬೇಕಾಗುತ್ತದೆಂಬ ಲೆಕ್ಕ ಈ ಅಂಕಿಗಳಲ್ಲೇ ಇದೆ.

ಮೂರನೆಯದು ಬ್ಯಾಟರಿ. 50 ವ್ಯಾಟ್-ಗಂಟೆಯ ಬ್ಯಾಟರಿ 10 ವ್ಯಾಟ್ ಬಳಸುವ ಓದು ಬರಹದ ಕೆಲಸಕ್ಕೆ 5 ಗಂಟೆ ಬಂದೀತು. 50 ವ್ಯಾಟ್ ಬೇಡುವ ಕೆಲಸಕ್ಕೆ ಒಂದೇ ಗಂಟೆ. ಹಾಗಾದರೆ ದೊಡ್ಡ ಬ್ಯಾಟರಿ ಇಡಬಾರದೇಕೆ ಎಂದು ನೀವು ಕೇಳಬಹುದು. ಜಾಗ ಮತ್ತು ತೂಕದ ಜೊತೆಗೆ ವಿಮಾನದ ನಿಯಮವೂ ಅಡ್ಡ ಬರುತ್ತದೆ. 100 ವ್ಯಾಟ್-ಗಂಟೆ ಮೀರಿದ ಬ್ಯಾಟರಿಯನ್ನು ಪ್ರಯಾಣಿಕರು ಒಯ್ಯಲು ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಆದ್ದರಿಂದಲೇ ದೊಡ್ಡ ಲ್ಯಾಪ್‌ಟಾಪುಗಳೂ ಸಾಮಾನ್ಯವಾಗಿ 99ರ ಆಸುಪಾಸಿನಲ್ಲಿ ನಿಂತುಬಿಡುತ್ತವೆ. ಹಳೆಯದಾದ ಬ್ಯಾಟರಿ ಉಬ್ಬುವುದೂ ಉಂಟು. ಅಂಥದನ್ನು ಚುಚ್ಚಬೇಡಿ, ಒತ್ತಬೇಡಿ, ಕೂಡಲೇ ಬಳಕೆ ನಿಲ್ಲಿಸಿ.

ನಾಲ್ಕನೆಯದು ಮೆಮೊರಿ, ಅಂದರೆ ರ್‍ಯಾಮ್. ಹಿಂದೆ ಇದನ್ನು ಸ್ಲಾಟಿನಲ್ಲಿ ಸಿಕ್ಕಿಸುತ್ತಿದ್ದರು; ಬೇಕಾದಾಗ ಹೆಚ್ಚಿಸಿಕೊಳ್ಳಬಹುದಿತ್ತು. ಈಗಿನ ಅನೇಕ ತೆಳು ಗಣಕಗಳಲ್ಲಿ ಅದನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇದರಿಂದ ಜಾಗ ಉಳಿಯುತ್ತದೆ. ಸಂಕೇತಗಳು ಓಡುವ ದೂರ ತಗ್ಗಿ ವಿದ್ಯುತ್ತೂ ಉಳಿಯುತ್ತದೆ. ಆದರೆ ಕೊಂಡ ದಿನ ಇದ್ದಷ್ಟೇ ಕೊನೆಯ ದಿನದವರೆಗೂ.

ಈ ಹಗ್ಗಜಗ್ಗಾಟಕ್ಕೆ ಪರಿಹಾರವೇ ಇಲ್ಲವೆ? ಇದೆ, ಆದರೆ ಭಾಗಶಃ. 2020ರ ನವೆಂಬರಿನಲ್ಲಿ ಬಂದ ಎಂ1 ಪ್ರೊಸೆಸರ್ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಕೆಲಸ ಮಾಡಿ, ಶಾಖವನ್ನು ಹುಟ್ಟಿನಲ್ಲೇ ತಗ್ಗಿಸಿತು. ಅದನ್ನು ಹೊತ್ತ ಮ್ಯಾಕ್‌ಬುಕ್ ಏರ್‌ಗೆ ಫ್ಯಾನೇ ಬೇಕಾಗಲಿಲ್ಲ. ಆದರೂ ಬಹಳ ಹೊತ್ತು ದುಡಿಸಿದರೆ ಅದೂ ಸ್ವಲ್ಪ ನಿಧಾನವಾಗುತ್ತಿತ್ತು, ಮೆಮೊರಿ ಹೆಚ್ಚಿಸುವಂತಿರಲಿಲ್ಲ. ಇನ್ನೊಂದೆಡೆ ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪೆನಿ 2021ರಲ್ಲಿ 1.6 ಸೆಂಟಿಮೀಟರಿನೊಳಗಿನ ಗಣಕವನ್ನು ತಂದಿತು. ಅದರ ಬ್ಯಾಟರಿ, ಮೆಮೊರಿ, ಕೀಲಿಮಣೆಗಳನ್ನು ಕೊಂಡವರೇ ಸ್ಕ್ರೂ ಬಿಚ್ಚಿ ಬದಲಿಸಬಹುದು. ತೆಳುವಾದದ್ದೆಲ್ಲ ರಿಪೇರಿಗೆ ಒಗ್ಗದು ಎಂಬ ಮಾತು ಪೂರ್ತಿ ನಿಜವಲ್ಲವೆಂದು ಇದರಿಂದ ತಿಳಿಯುತ್ತದೆ.

ಕೊಳ್ಳುವಾಗ ನೀವು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಮೆಮೊರಿಯನ್ನು ಮುಂದೆ ಹೆಚ್ಚಿಸಬಹುದೆ? ಇಲ್ಲವೆಂದರೆ ಈಗಲೇ ಸ್ವಲ್ಪ ಹೆಚ್ಚು ಇರುವುದನ್ನು ಆರಿಸಿ. ಬ್ಯಾಟರಿ ಎಷ್ಟು ವ್ಯಾಟ್-ಗಂಟೆಯದು, ಬದಲಿಸಲು ಎಷ್ಟು ಖರ್ಚು? ಅರ್ಧ ಗಂಟೆ ಎಡೆಬಿಡದೆ ದುಡಿಸಿದಾಗ ವೇಗ ಎಷ್ಟು ಉಳಿಯುತ್ತದೆ? ಸರ್ವಿಸ್ ಸೆಂಟರ್ ಎಲ್ಲಿದೆ? ರಿಪೇರಿಗೆಂದು ದೊಡ್ಡ ಪಟ್ಟಣದ ಬಸ್ಸು ಹತ್ತಬೇಕಾದ ಗಡಿನಾಡಿನ ಊರುಗಳ ನಮಗೆ ಈ ಕೊನೆಯ ಪ್ರಶ್ನೆ ಉಳಿದೆಲ್ಲದಕ್ಕಿಂತ ಮುಖ್ಯ.

ದಿನವೂ ಹೆಗಲಿಗೇರಿಸಿ ಓಡಾಡುವ ವಿದ್ಯಾರ್ಥಿಗೆ ಹಗುರವಾದದ್ದು ನಿಜವಾಗಿಯೂ ಅನುಕೂಲ. ಮನೆಯ ಮೇಜಿನ ಮೇಲೆ ಕೂತು ಚಿತ್ರ ಜೋಡಿಸುವವರಿಗೆ, ನಕ್ಷೆ ಬಿಡಿಸುವವರಿಗೆ ಎರಡು ಮಿಲಿಮೀಟರ್ ಹೆಚ್ಚಿದ್ದರೆ ನಷ್ಟವೇನಿಲ್ಲ, ಲಾಭವೇ. ಹಾಸಿಗೆ ಎಷ್ಟು ಉದ್ದವೆಂದು ಕಂಪೆನಿ ನಿರ್ಧರಿಸುತ್ತದೆ. ಯಾವ ಕಾಲು ಮುದುಡಿದರೆ ನಮಗೆ ನಡೆದೀತು ಎಂಬುದನ್ನು ಕೊಳ್ಳುವ ನಾವು ನಿರ್ಧರಿಸಬೇಕು.